ಕೆರೆಯ ಬಣ್ಣ ಹೇಳಿದವಳು

ಆ ವಾರ ಕಾಂಡೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದೂ ಮೊಟ್ಟೆಯದೇ ಮಾತು. ಯಾವ ಅಂಗಡಿಗೆ ಮೊಟ್ಟೆ ಬಂದಿದೆ, ಕ್ಯೂ ಎಲ್ಲಿಯವರೆಗೆ ಬೆಳೆದಿದೆ, ಪೊಲೀಸರು ಯಾವ ಸೇತುವೆಯ ಮೇಲೆ ಗಾಡಿ ತಡೆಯುತ್ತಿದ್ದಾರೆ. ಮಲೇಷ್ಯಾದಲ್ಲಿ ಲಾಕ್‌ಡೌನ್ ಆಗಷ್ಟೇ ಶುರುವಾಗಿತ್ತು. ಪುತ್ರಜಯಾದ ಅಗಲ ರಸ್ತೆಗಳು ತೊಳೆದು ಬೋರಲು ಹಾಕಿದ ಪಾತ್ರೆಗಳಂತೆ ಖಾಲಿ ಬಿದ್ದಿದ್ದವು.

ಆ ಗದ್ದಲದ ನಡುವೆ ಬಿ ಬ್ಲಾಕಿನ ಯಾರೋ ಒಬ್ಬರು ಇಂಗ್ಲಿಷಿನಲ್ಲಿ ಕೇಳಿದ್ದರು: ಬೆಳಿಗ್ಗೆ ಕೆರೆಯ ಸೇತುವೆ ದಾಟಿ ಬರುವವರು ಯಾರಾದರೂ ಇದ್ದರೆ, ನೀರಿನ ಬಣ್ಣ ಹೇಗಿದೆ ಅಂತ ದಯವಿಟ್ಟು ತಿಳಿಸುತ್ತೀರಾ?

‘ಅದೇ ಕಲರ್ ಲಾಹ್, ಬಾಸ್’ ಅಂತ ಅಲ್ಲಿಯ ಧಾಟಿಯಲ್ಲಿ ಒಬ್ಬರು ಬರೆದರು. ನಗುವ ಮುಖಗಳು ಸಾಲುಗಟ್ಟಿದವು. ಮತ್ತೆ ಮೊಟ್ಟೆಯ ಮಾತು ಶುರುವಾಯಿತು.

ವಿನೋದಾ ಅದನ್ನು ಓದಿದ್ದು ಮನೆಯ ಹತ್ತಿರದ ಸಿಗ್ನಲ್ಲಿನಲ್ಲಿ. ಸೈಬರ್‌ಜಯಾದ ಡೇಟಾ ಸೆಂಟರ್ ಒಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದಳು. ಊರೆಲ್ಲ ಮನೆಯೊಳಗೆ ಕೂತರೂ ಸರ್ವರುಗಳು ಕೂರುವಂತಿರಲಿಲ್ಲವಾದ್ದರಿಂದ ಅವಳಿಗೆ ಓಡಾಡಲು ಅನುಮತಿ ಇತ್ತು. ಕೇಳಿದವರ ಹೆಸರು ಜಯರಾಮ ಎಂದಿತ್ತು. ಅವಳು ಬೇರೆಯಾಗಿ ಬರೆದಳು: ‘ಕನ್ನಡದವ್ರೇನ್ರೀ?’

‘ಹೌದು, ಮೈಸೂರು. ನೀರು ನೋಡಿದಿರಾ?’

‘ನೀಲಿ.’

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. ‘ಎಂಥ ನೀಲಿ?’

ಅವಳಿಗೆ ರೇಗಿತು. ರಾತ್ರಿಯಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬಂದವಳಿಗೆ, ಗುರುತಿಲ್ಲದ ಮನುಷ್ಯ ಎಂಥ ನೀಲಿ ಅಂತ ಕೇಳುತ್ತಾನೆ. ‘ನೀರಿನ ನೀಲಿ’ ಅಂತ ಟೈಪು ಮಾಡಿ ಫೋನನ್ನು ಬ್ಯಾಗಿಗೆ ಎಸೆದಳು. ಆದರೆ ಲಿಫ್ಟಿನಲ್ಲಿ ಮೇಲೆ ಹೋಗುವಾಗ ಏನೋ ಚುಚ್ಚಿತು. ಆ ಸೇತುವೆಯನ್ನು ಅವಳು ವರ್ಷಗಟ್ಟಲೆ ದಾಟಿದ್ದಳು. ನೀರಿನ ಬಣ್ಣ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸೇತುವೆಯ ಮೇಲೆ ಕಾರು ನಿಧಾನ ಮಾಡಿದಳು. ಮನೆ ಮುಟ್ಟಿದ ಮೇಲೆ ಧ್ವನಿಯಲ್ಲೇ ಹೇಳಿ ಕಳಿಸಿದಳು.

“ಏನ್ರೀ, ನಿನ್ನೆ ನಾ ತಪ್ಪ ಹೇಳಿದೆ. ನೀಲಿ ಅಲ್ರೀ ಅದು. ದಂಡಿ ಕಡೆ ಬೂದಿ ಬಣ್ಣ. ನಡುವ ಅಗಸಿ ಹೂವಿನ ಬಣ್ಣ. ಸೇತುವಿ ನೆರಳು ಬಿದ್ದಲ್ಲಿ ಕರ್ರಗ ಇರ್ತೈತಿ ಅನ್ಕೊಂಡಿದ್ದೆ. ಖರೇನ ಹೇಳ್ತೀನಿ, ಬದ್ನಿಕಾಯಿ ಬಣ್ಣ ಐತಿ.”

ಆ ಕಡೆಯಿಂದ ಬಂದ ಧ್ವನಿ ಮೆತ್ತಗಿತ್ತು, ನಿದ್ದೆಯಿಂದ ಆಗಷ್ಟೇ ಎದ್ದಂತೆ.

“ಬದನೆಕಾಯಿ ಅಂದ್ರೆ ಯಾವುದು ಕಣ್ರೀ? ಉದ್ದದ್ದಾ, ಗುಂಡಗಿರೋದಾ?”

“ಎಣಗಾಯಿಗೆ ಹಾಕ್ತಾರಲ್ರೀ, ಅದು.”

ಅವನು ನಕ್ಕ. ಮಲಗಿದ ಮೇಲೂ ಆ ನಗು ಅವಳ ಕಿವಿಯಲ್ಲಿತ್ತು.

*

ಜಯರಾಮ ಲ್ಯಾಂಡ್‌ಸ್ಕೇಪ್ ಡಿಸೈನರ್. ಕೆರೆಯ ದಂಡೆಯ ಉದ್ಯಾನಗಳಿಗೆ ಮರ, ದಾರಿ, ನೆರಳು ಯೋಜಿಸುವ ಕಂಪನಿಯೊಂದರಲ್ಲಿ ಕೆಲಸ. ಉಳಿದ ಹೊತ್ತೆಲ್ಲ ಚಿತ್ರ ಬರೆಯುವುದು. ಅದೂ ಹೊರಗೆ ನಿಂತು, ಎದುರಿಗಿರುವುದನ್ನು ನೋಡಿಕೊಂಡೇ. ಈಗ ಹೊರಗೆ ನಿಲ್ಲುವಂತಿರಲಿಲ್ಲ. ಅವನ ಫ್ಲ್ಯಾಟಿನ ಕಿಟಕಿ ತೆಗೆದರೆ ಕಾಣುತ್ತಿದ್ದದ್ದು ಕಾರು ನಿಲ್ಲಿಸುವ ಕಟ್ಟಡದ ಸಿಮೆಂಟು ಗೋಡೆ.

“ಫೋಟೋ ತಗದು ಕಳಸ್ತೀನಿ ಬಿಡ್ರಿ, ಇಷ್ಟ್ಯಾಕ ಮಾತಾಡೂದು?” ಅಂದಿದ್ದಳು ವಿನೋದಾ.

“ಫೋಟೋ ಬೇಡ. ಫೋನಿನ ಕ್ಯಾಮೆರಾ ನೆರಳನ್ನೆಲ್ಲ ಕಪ್ಪು ಮಾಡಿಬಿಡುತ್ತೆ. ನೆರಳಲ್ಲಿ ಕಪ್ಪು ಇರಲ್ಲ ಅಂತಿದ್ರು ನಮ್ಮ ಮೇಷ್ಟ್ರು. ಅವರ ಹತ್ರ ಕಪ್ಪು ಬಣ್ಣದ ಟ್ಯೂಬೇ ಇರಲಿಲ್ಲ.”

ಅವನ ಮೇಷ್ಟ್ರು ಅಮೆರಿಕದವರು. ಹೆಸರು ಹೊರೇಸ್ ಪೆಲ್ಟನ್. ಜಯರಾಮ ಅಲ್ಲಿ ಓದುವಾಗ, ಮ್ಯಾಸಚೂಸೆಟ್ಸಿನ ಕಡಲಂಚಿನ ಸಣ್ಣ ಊರಿನಲ್ಲಿ, ಭಾನುವಾರಗಳಂದು ಅವರ ಹಿಂದೆ ಚಿತ್ರದ ಪೆಟ್ಟಿಗೆ ಹೊತ್ತು ತಿರುಗಿದ್ದ. ಫ್ರಾನ್ಸಿನಲ್ಲಿ ಹುಟ್ಟಿದ ಇಂಪ್ರೆಷನಿಸಂ ಎಂಬ ಚಿತ್ರಶೈಲಿಯನ್ನು ತಮ್ಮೂರಿನ ಮರದ ಮನೆ, ಜೌಗು ನೆಲ, ಹಿಮ ಬಿದ್ದ ಬೇಲಿಗಳಿಗೆ ಒಗ್ಗಿಸಿಕೊಂಡ ಹಿರಿಯರ ಸಾಲಿನಲ್ಲಿ ಕೊನೆಯವರು ಅವರು. ಹಿಮದಲ್ಲಿ ಮೊಣಕಾಲಮಟ ನಿಂತು ಬರೆಯುತ್ತಿದ್ದರಂತೆ. ‘ಹಿಮ ಬಿಳಿ ಅಂತ ನಿನಗೆ ಯಾರು ಹೇಳಿದರು?’ ಅಂತ ಬೈಯುತ್ತಿದ್ದರಂತೆ.

“ಮರ ಅಂತ ಹೇಳಬೇಡಿ, ವಿನೋದಾ ಅವರೇ. ಅಲ್ಲಿರೋ ಬಣ್ಣ ಹೇಳಿ. ಹೆಸರು ಗೊತ್ತಾದ ತಕ್ಷಣ ಕಣ್ಣು ನೋಡೋದು ನಿಲ್ಲಿಸಿಬಿಡುತ್ತೆ. ವಸ್ತು ಬರೀಬೇಡ, ನಿನಗೂ ಅದಕ್ಕೂ ನಡುವೆ ಇರೋ ಗಾಳೀನ ಬರಿ ಅಂತಿದ್ರು.”

“ಗಾಳಿಗೆ ಬಣ್ಣ ಇರ್ತೈತೇನ್ರೀ?”

“ನಾಳೆ ನೋಡಿ ಹೇಳಿ.”

ನೋಡಿದಳು. ಇತ್ತು. ಮಳೆ ಬಂದು ನಿಂತ ಬೆಳಿಗ್ಗೆ ಕೆರೆಯಾಚೆಯ ಮಸೀದಿಯ ಗುಲಾಬಿ ಗುಮ್ಮಟ ಗುಲಾಬಿಯಾಗಿ ಉಳಿದಿರಲಿಲ್ಲ. ನಡುವಿನ ಗಾಳಿ ಅದನ್ನು ತೊಳೆದು ಹಳೇ ಸೀರೆಯ ಸೆರಗಿನ ಹಾಗೆ ಮಾಡಿತ್ತು.

ಸೀರೆಯ ಮಾತು ಅವಳ ಬಾಯಿಗೆ ತಾನಾಗಿ ಬರುತ್ತಿತ್ತು. ಗದಗ-ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಬಣ್ಣದ ನೂಲಿನ ಲಡಿಗಳ ನಡುವೆ ಬೆಳೆದವಳು. ಕುಸುಬಿ ಹೂವಿನ ಕೆಂಪು, ಹಸಿ ಕಡಲೆಯ ಹಸಿರು, ಜೋಳದ ತೆನೆ ಒಣಗುವಾಗಿನ ಹಳದಿ, ಇವೆಲ್ಲ ಅವಳೊಳಗೆ ಎಲ್ಲೋ ಮಡಚಿಟ್ಟುಕೊಂಡು ಮಲಗಿದ್ದವು. ಒಂದೊಂದೇ ಎದ್ದು ಬಂದವು. ಅವಳು ಹೇಳಿದ ಬಣ್ಣಗಳನ್ನೇ ಅವನು ಗೋಡೆಯ ಎದುರು ಕೂತು ಬರೆಯುತ್ತಿದ್ದ. ಆಮೇಲೆ ಫೋನು ಮಾಡಿ ಅನುಮಾನ ಕೇಳುತ್ತಿದ್ದ. ಸೇತುವೆಯಿಂದ ಶುರುವಾದ ಮಾತು ಅವಳು ಅವಲಕ್ಕಿ ಕಲಸಿ ತಿನ್ನುವವರೆಗೂ, ಕೆಲವೊಮ್ಮೆ ಪರದೆ ಎಳೆದು ಮಲಗುವವರೆಗೂ ನಡೆಯುತ್ತಿತ್ತು.

ಮಾತಿಗೆ ಬೇರೆ ಯಾರೂ ಇರಲಿಲ್ಲ ಅವಳಿಗೆ. ಮಗಳು ಗಾನವಿಗೆ ಹದಿಮೂರು. ವಿಚ್ಛೇದನವಾದ ಮೇಲೆ ಶಾಲೆಯ ದಿನಗಳಲ್ಲಿ ತಾಯಿಯ ಹತ್ತಿರ, ರಜೆಗಳಲ್ಲಿ ತಂದೆಯ ಹತ್ತಿರ ಎಂದು ಗೊತ್ತು ಮಾಡಿಕೊಂಡಿದ್ದರು. ತಂದೆ ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ, ಮತ್ತೆ ಮದುವೆಯಾಗಿದ್ದ. ಮಾರ್ಚಿನ ಸಣ್ಣ ರಜೆಗೆಂದು ಗಾನವಿ ಅಲ್ಲಿಗೆ ಹೋಗಿದ್ದಾಗಲೇ ರಾಜ್ಯಗಳ ಗಡಿ ಮುಚ್ಚಿತು. ಅರ್ಧ ತಾಸಿನ ದಾರಿ. ಆದರೆ ನಿಲಾಯ್ ಬೇರೆ ರಾಜ್ಯ. ಮಗಳು ಆ ಕಡೆ, ತಾಯಿ ಈ ಕಡೆ. ವಿಡಿಯೋ ಕಾಲಿನಲ್ಲಿ ಗಾನವಿ ‘ಐ ಆ್ಯಮ್ ಫೈನ್, ಅಮ್ಮ’ ಎಂದು ಎರಡು ಮಾತಿಗೆ ಮುಗಿಸುತ್ತಿದ್ದಳು.

“ಅಕಿ ಮಾರಿ ನೋಡಿದ್ರ ಒಂದ್ ನಮೂನಿ ಆಗ್ತೈತ್ರಿ. ಏನ್ ಕೇಳ್ಬೇಕು ತಿಳಿಯೂದಿಲ್ಲ,” ಎಂದು ಒಂದು ದಿನ ಅವಳು ಅವನಿಗೆ ಹೇಳಿದಳು.

“ಊಟ ಆಯ್ತಾ ಅಂತ ಬೇಡ,” ಎಂದ ಅವನು. “ಅವಳ ಕಿಟಕೀಲಿ ಏನು ಕಾಣುತ್ತೆ ಅಂತ ಕೇಳಿ.”

ಕೇಳಿದಳು. ಗಾನವಿ ಫೋನನ್ನು ಕಿಟಕಿಯತ್ತ ತಿರುಗಿಸಿದಳು. ತಾಳೆ ತೋಟದ ಮೇಲೆ ಮಳೆ ಬರುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು. ವಿನೋದಾಗೆ ಜಯರಾಮನ ಮೇಲೆ ಪ್ರೀತಿ ಹುಟ್ಟಿದ್ದು ಬಹುಶಃ ಆಗಲೇ. ಅವಳು ಒಪ್ಪಿಕೊಂಡಿದ್ದು ಮಾತ್ರ ತಡವಾಗಿ.

*

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅವನು ಫೋನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಆಮೇಲೆ ಒಂದೇ ಸಾಲು ಬಂತು: ‘ಮೇಷ್ಟ್ರು ಹೋದರು.’

ಅಮೆರಿಕದ ಯಾವುದೋ ವೃದ್ಧಾಶ್ರಮದಲ್ಲಿ, ಕೋವಿಡ್ಡಿನಿಂದ. ಜೊತೆಗೆ ಯಾರನ್ನೂ ಬಿಟ್ಟಿರಲಿಲ್ಲವಂತೆ.

ಸಮಾಧಾನದ ಮಾತು ಬರೆದು ಅಳಿಸಿದಳು. ಮರುದಿನ ಸೇತುವೆ ದಾಟಿ ಕಾರು ಬದಿಗೆ ನಿಲ್ಲಿಸಿ, ಅವನು ಕೇಳದಿದ್ದರೂ ಧ್ವನಿ ಕಳಿಸಿದಳು.

“ಇವತ್ತ ಮಂಜ ಬಿದ್ದೈತ್ರಿ. ನೀರ್ಯಾವ್ದು ಆಕಾಶ ಯಾವ್ದು ಗೊತ್ತಾಗವಲ್ದು. ಎಲ್ಲಾ ಮಜ್ಜಿಗಿ ಬಣ್ಣ. ಒಂದ ಕಡೆ ಮಾತ್ರ ಸೂರ್ಯಾ ಹಿಂದ ನಿಂತಾನಲ್ಲ, ಅಲ್ಲೆ ಭಾಳ ತೆಳ್ಳಗ ಅರಿಷಿಣ. ಒಂದ ಬೆರಳ ಅದ್ದಿದಷ್ಟ. ನೀವು ಬರೀಬ್ಯಾಡ್ರಿ. ಸುಮ್ನ ಕೇಳ್ರಿ.”

ಉತ್ತರ ಬರಲಿಲ್ಲ. ಮಾರನೆಯ ದಿನವೂ ಹೇಳಿದಳು. ಅದರ ಮಾರನೆಯ ದಿನವೂ. ಕಡೆಗೆ ಒಂದು ದಿನ ಅವನ ಧ್ವನಿ ಬಂತು.

“ಅರಿಶಿನ ಅಂದ್ರಲ್ಲ. ಕೊಂಬಿನದಾ, ಪುಡೀದಾ?”

ವಿನೋದಾ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಆ ಅಳುವಿನಲ್ಲಿ ಸಂತೋಷವೇ ಹೆಚ್ಚಿತ್ತು.

ಅವನನ್ನು ಅವಳು ಮೊದಲು ನೋಡಿದ್ದು ಆಮೇಲೆ ಒಂದು ದಿನ, ಗಾರ್ಡ್ ಮನೆಯ ಹತ್ತಿರ. ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತರಿಸಿದ ಊಟದ ಪೊಟ್ಟಣ ತೆಗೆದುಕೊಂಡು ಗಾರ್ಡಿಗೆ ಥ್ಯಾಂಕ್ಸ್ ಹೇಳಿದಳು, ಅಷ್ಟೇ. ಆ ದನಿ ಕೇಳಿ ಹಿಂದಿನಿಂದ ಯಾರೋ “ವಿನೋದಾ ಅವರೇ?” ಎಂದರು.

ತಿರುಗಿದಳು. ಎತ್ತರದ ಮನುಷ್ಯ, ನರೆತ ಕೂದಲು, ಮಾಸ್ಕಿನ ಮೇಲೆ ದೊಡ್ಡ ಕಣ್ಣುಗಳು. ಆ ಕಣ್ಣುಗಳು ಅವಳನ್ನು ನೋಡುತ್ತಿದ್ದ ರೀತಿಗೆ ಅವಳು ನಿಂತಲ್ಲೇ ಸೆರಗಿಲ್ಲದ ಕುರ್ತಾದ ಮೇಲೆ ಸೆರಗು ಹುಡುಕಿದಳು.

“ಕಿವಿಗೆ ಹಳದಿ ಹತ್ತೈತ್ರಿ,” ಎಂದಳು, ಬೇರೇನೂ ಹೊಳೆಯದೆ.

ಅವನು ಕಿವಿ ಒರೆಸಿಕೊಂಡ. ಬೇರೆ ಕಿವಿ.

“ಆ ಕಡೀದ್ರಿ.”

ಅವನು ಕೈ ಎತ್ತಲಿಲ್ಲ. “ಇರಲಿ ಬಿಡಿ, ನೀವು ಹೇಳಿದ ಹಳದಿ ಅದು,” ಎಂದ. ಮಾಸ್ಕಿನೊಳಗೆ ಅವನು ನಗುತ್ತಿದ್ದಾನೆ ಎಂದು ಅವಳಿಗೆ ಕಣ್ಣಂಚಿನ ಗೆರೆಗಳಿಂದ ಗೊತ್ತಾಯಿತು. ತಾನೂ ನಗುತ್ತಿರುವುದು ಅವನಿಗೆ ಗೊತ್ತಾಗಿರಬೇಕು.

*

ಮೇ ತಿಂಗಳಲ್ಲಿ ನಿರ್ಬಂಧ ಸಡಿಲವಾಯಿತು. ಕೆರೆಯ ದಂಡೆಗೆ ಹೋಗಬಹುದಿತ್ತು, ದೂರ ದೂರ ಕೂತು. ಪಾಳಿ ಮುಗಿಸಿ ಅವಳು ಬರುವ ಹೊತ್ತಿಗೆ ಅವನು ಮಳೆಮರದ ಕೆಳಗೆ ಚಿತ್ರದ ಸ್ಟ್ಯಾಂಡು ನಿಲ್ಲಿಸಿ ಕಾಯುತ್ತಿದ್ದ. ಬೆಂಚಿನ ಆ ತುದಿಯಲ್ಲಿ ಅವಳು ಕೂರುತ್ತಿದ್ದಳು. ಫ್ಲಾಸ್ಕಿನ ಚಹಾ ನಡುವೆ.

ಅವನು ಬರೆಯುವುದನ್ನು ನೋಡುವುದು ಅವಳಿಗೆ ಚಟವಾಯಿತು. ಮೊದಲು ದೊಡ್ಡ ಬಣ್ಣಗಳನ್ನು ದಪ್ಪಗೆ ಹಚ್ಚುತ್ತಿದ್ದ, ಗೋಡೆಗೆ ಸುಣ್ಣ ಬಳಿದಂತೆ. ಯಾವುದೂ ಯಾವುದರಂತೆಯೂ ಕಾಣುತ್ತಿರಲಿಲ್ಲ. ಹತ್ತಿರ ಹೋದರೆ ಬರೀ ತೇಪೆಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಇದ್ದಕ್ಕಿದ್ದಂತೆ ನೀರು ಅಲ್ಲಾಡುತ್ತಿತ್ತು.

“ಮನುಷ್ಯಾರನ್ನ ಬರ್ಯೂದಿಲ್ಲೇನ್ರೀ ನೀವು?”

“ಮೇಷ್ಟ್ರು ಬರೀತಿರಲಿಲ್ಲ. ಬರೆದ್ರೂ ಒಂದು ಚುಕ್ಕೆ, ಅಷ್ಟೆ. ಬೆಳಕಿಗೆ ಮನುಷ್ಯರೂ ಒಂದೇ, ಬೇಲೀನೂ ಒಂದೇ ಅಂತಿದ್ರು.”

ಅವತ್ತು ಅವನು ದಂಡೆಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟ.

“ಇದು ಯಾರು?”

“ಯಾರೂ ಅಲ್ಲ. ಆ ಜಾಗಕ್ಕೆ ಸ್ವಲ್ಪ ಕೆಂಪು ಬೇಕಿತ್ತು.”

ಅವಳು ತನ್ನ ಕುರ್ತಾ ನೋಡಿಕೊಂಡಳು. ಕುಸುಬಿಯ ಕೆಂಪು. ಅವನು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಆದರೆ ಕಿವಿ ಬಿಸಿಯಾಗಿ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ಅದನ್ನು ಮನಸಾರೆ ನೋಡಿದಳು.

ಸೂರ್ಯ ಮೇಲೇರುತ್ತಿದ್ದಂತೆ ಅವನು ಕುಂಚ ಕೆಳಗಿಡುತ್ತಿದ್ದ, ಎಷ್ಟೇ ಬಾಕಿಯಿರಲಿ. ಬೆಳಕು ಬದಲಾದ ಮೇಲೆ ಬರೆದದ್ದು ಸುಳ್ಳಂತೆ. ಚಿತ್ರವನ್ನು ಮುಗಿಸಬಾರದು, ನಿಲ್ಲಿಸಬೇಕು ಎನ್ನುತ್ತಿದ್ದರಂತೆ ಮೇಷ್ಟ್ರು.

“ಅರ್ಧಕ್ಕ ಬಿಟ್ಟ ಏಳಾಕ ಸಂಕಟ ಆಗೂದಿಲ್ಲೇನ್ರೀ?”

ಅವನು ಬಟ್ಟೆಗೆ ಕುಂಚ ಒರೆಸುತ್ತ ಯೋಚಿಸಿದ. “ಅಭ್ಯಾಸ ಆಗ್ಬಿಟ್ಟಿದೆ. ಬಾಸ್ಟನ್ನಿಂದ ಎದ್ದೆ, ದುಬೈಯಿಂದ ಎದ್ದೆ. ದುಬೈಲಿ ಒಬ್ಬರಿದ್ರು. ಒಳ್ಳೆಯವರು. ಇದು ಬೇರೆ ಥರ ಆಗ್ತಿದೆ ಅನ್ನಿಸಿದ ದಿನ ನಾನೇ ಎದ್ದು ಬಂದೆ. ಅದು ಬುದ್ಧಿವಂತಿಕೆ ಅಂತ ತುಂಬಾ ದಿನ ಅಂದ್ಕೊಂಡಿದ್ದೆ.”

“ಈಗ?”

“ಈಗ ಏಳೋಕೆ ಮನಸ್ಸಿಲ್ಲ,” ಎಂದ. ಚಹಾದ ಮುಚ್ಚಳವನ್ನು ಅವಳತ್ತ ಸರಿಸಿದ. ಬೆರಳು ತಾಗಿದವು. ಸ್ಯಾನಿಟೈಸರ್ ಹಚ್ಚಿ ಹಚ್ಚಿ ಒಣಗಿದ ಎರಡು ಕೈಗಳು. ಇಬ್ಬರೂ ಹಿಂತೆಗೆಯಲಿಲ್ಲ.

*

ಜೂನ್ ಮೊದಲ ವಾರ ಅವನ ಕಂಪನಿ ಬಾಗಿಲು ಹಾಕಿತು. ಕೆಲಸದ ಪಾಸು ರದ್ದಾಯಿತು. ಜುಲೈ ಮುಗಿಯುವುದರೊಳಗೆ ದೇಶ ಬಿಡಬೇಕು. ಭಾರತಕ್ಕೆ ವಿಶೇಷ ವಿಮಾನಗಳು ಹೋಗುತ್ತಿದ್ದವು. ಪುಣೆಯ ಹೊಸ ಕಾಲೇಜೊಂದು ತನ್ನ ಆವರಣದ ಮರಗಿಡಗಳ ಕೆಲಸಕ್ಕೆ ಅವನನ್ನು ಕರೆದಿತ್ತು.

“ಬನ್ನಿ,” ಎಂದ ಜಯರಾಮ. ಬೆಂಚಿನ ಅದೇ ತುದಿ, ಅವತ್ತು ಸ್ಟ್ಯಾಂಡು ಬಿಚ್ಚಿರಲಿಲ್ಲ. “ನೀವೂ ಗಾನವೀನೂ. ಮದುವೆ ಅಂತ ಕೇಳ್ತಿದೀನಿ, ನಂಗೆ ಇದನ್ನ ಚೆಂದವಾಗಿ ಕೇಳೋಕೆ ಬರಲ್ಲ.”

ಅವಳು ತಲೆ ತಗ್ಗಿಸಿ ಕೂತಳು. ನಲವತ್ತರ ಹತ್ತಿರದ ಹೆಂಗಸಿಗೆ ಎದೆ ಹೀಗೆ ಹೊಡೆದುಕೊಳ್ಳಬಹುದು ಎಂದು ಅವಳಿಗೆ ತಿಳಿದಿರಲಿಲ್ಲ.

“ಗಡಿ ತಗೀತಾರಂತ ಮುಂದಿನ ವಾರ. ಅಕಿನ್ನ ಕರ್ಕೊಂಡ ಬರ್ತೀನಿ. ಅಕಿನ್ನ ಮುಂದ ಕೂಡ್ಸಿ ಹೇಳ್ತೀನಿ. ಆಮ್ಯಾಲೆ ಹೇಳ್ತೀನ್ರಿ ನಿಮಗ.”

ಆ ವಾರವಿಡೀ ಅವಳು ಪುಣೆಯ ಶಾಲೆಗಳನ್ನು ಹುಡುಕಿದಳು. ಗಾನವಿಯ ಕೋಣೆಯ ಚಾದರ ಒಗೆದಳು. ಯಾವುದೋ ಹಳೆಯ ಹಾಡು ಗುನುಗುತ್ತ ತನ್ನ ಧ್ವನಿ ತನಗೇ ಕೇಳಿ ನಾಚಿದಳು.

ಗಡಿ ತೆರೆದ ಮೊದಲ ಶನಿವಾರ ನಿಲಾಯ್‌ಗೆ ಹೋದಳು. ಗೇಟಿನಲ್ಲಿ ನಿಂತಿದ್ದ ಹುಡುಗಿಯನ್ನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಅಷ್ಟು ಎತ್ತರವಾಗಿದ್ದಳು. ಅಪ್ಪನ ಹೆಂಡತಿ ಮಹಾಲಕ್ಷ್ಮಿ ಹೊರಗೆ ಬಂದು ಕಾಫಿ ಕೊಟ್ಟಳು. ಗಾನವಿಯ ಜಡೆ ನೀಟಾಗಿ ಹೆಣೆದಿತ್ತು. ತಾನು ಹೆಣೆಯುತ್ತಿದ್ದ ರೀತಿಯ ಜಡೆಯಲ್ಲ ಅದು.

“ಬ್ಯಾಗ್ ಎಲ್ಲಿ ಪುಟ್ಟಿ?”

ಗಾನವಿ ಚಪ್ಪಲಿಯ ತುದಿಯಿಂದ ನೆಲ ಗೀರಿದಳು. “ಅಮ್ಮ, ಕ್ಯಾನ್ ಐ ಸ್ಟೇ ಹಿಯರ್? ಈ ವರ್ಷ ಮುಗಿಯೋ ತನಕ?”

“ಯಾಕ? ನಾ ಏನರ ಅಂದ್ನೇನ?”

“ನೋ. ಯೂ ಸ್ಲೀಪ್ ಆಲ್ ಡೇ, ಅಮ್ಮ.” ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. “ಹಿಯರ್, ನಾನು ಎದ್ದಾಗ ಸಮ್‌ಒನ್ ಈಸ್ ಅವೇಕ್.”

ವಿನೋದಾ ಕಾಫಿ ಲೋಟ ಕೆಳಗಿಟ್ಟಳು. ಬೇಡಿಕೊಳ್ಳಲಿಲ್ಲ, ಜಗಳ ಮಾಡಲಿಲ್ಲ. “ಆತು ಪುಟ್ಟಿ,” ಎಂದಳು. ಶನಿವಾರ ಶನಿವಾರ ಬರುವುದಾಗಿ ಹೇಳಿದಳು. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ಮಹಾಲಕ್ಷ್ಮಿ ಹುಡುಗಿಯ ಹೆಗಲ ಮೇಲೆ ಕೈಯಿಟ್ಟದ್ದು ಕಂಡಿತು. ಆ ಹೆಂಗಸನ್ನು ದ್ವೇಷಿಸಲು ಒಂದು ಕಾರಣ ಹುಡುಕಿದಳು ದಾರಿಯುದ್ದಕ್ಕೂ. ಸಿಗಲಿಲ್ಲ.

ಜಯರಾಮ ಎಲ್ಲವನ್ನೂ ಕೇಳಿದ. “ಅವಳು ಅಲ್ಲಿ ನೆಮ್ಮದಿಯಾಗಿದ್ದಾಳೆ ಅಂತಾಯ್ತು,” ಎಂದ ಮೆಲ್ಲಗೆ. “ಹಾಗಾದ್ರೆ ನಿಮ್ಮನ್ನ ಇಲ್ಲಿ ಹಿಡಿದಿಟ್ಟಿರೋದು ಏನು, ವಿನೋದಾ?”

ಅವನು ಅವಳನ್ನು ಬರೀ ಹೆಸರಿನಿಂದ ಕರೆದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅವಳು ಅದನ್ನು ಮನೆಗೆ ಕೊಂಡೊಯ್ದು ಜೋಪಾನ ಮಾಡುತ್ತಿದ್ದಳು.

“ಅಕಿ ನನ್ನ ಬ್ಯಾಡ ಅಂದ್ಲು. ಅದಕ್ಕ ನಾ ಹೋಗಿಬಿಡಬೇಕೇನ್ರೀ?”

“ನಾನು ಹಾಗಂದಿಲ್ಲ.”

“ಹದಿಮೂರ ವರ್ಷದ ಹುಡುಗಿ ಇವತ್ತ ಬ್ಯಾಡ ಅಂತಾಳ, ನಾಳೆ ಬೇಕು ಅಂತಾಳ. ಬೇಕು ಅಂದ ದಿನಾ ನಾ ಅರ್ಧಾ ತಾಸಿನ ದಾರ್ಯಾಗ ಇರಬೇಕ್ರಿ. ವಿಮಾನದ ದಾರ್ಯಾಗ ಅಲ್ಲ.”

“ಅಂಥ ದಿನ ಬರದೇ ಹೋದ್ರೆ?”

“ಬರದಿದ್ರೂ.”

ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವಳು ಏನೆನ್ನುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮರುವಾರ ಅವಳು ಮ್ಯಾನೇಜರ್ ಬಳಿ ಹೋಗಿ ಹಗಲು ಪಾಳಿ ಕೇಳಿ ಪಡೆದಳು. ಬೆಳಗಿನ ಸೇತುವೆಯನ್ನು ಈಗ ಉಲ್ಟಾ ದಾಟಬೇಕಿತ್ತು, ಅವಸರದಲ್ಲಿ. ದಂಡೆಯ ಬೆಂಚಿಗೆ ರಜೆಯ ದಿನ ಮಾತ್ರ ಹೋಗಲಾಗುತ್ತಿತ್ತು.

*

ಅವನು ಹೊರಡುವ ಹಿಂದಿನ ದಿನ ಅವಳು ರಜೆ ಹಾಕಿದಳು. ಸಾಮಾನೆಲ್ಲ ಕಟ್ಟಿಯಾಗಿತ್ತು, ಚಿತ್ರದ ಪೆಟ್ಟಿಗೆಯೊಂದನ್ನು ಬಿಟ್ಟು. ಕೊನೆಯದಾಗಿ ಒಂದು ಬರೆಯುತ್ತೇನೆ ಎಂದಿದ್ದ.

ಒಳ್ಳೆಯ ಬೆಳಗು. ನೀರಿನ ಮೇಲೆ ಗಾಳಿ ಇರಲಿಲ್ಲ. ಅವನು ಚೆನ್ನಾಗಿ ಶುರು ಮಾಡಿದ. ಬೂದಿ, ಅಗಸಿ, ನೆರಳಿನ ನೇರಳೆ. ಅವಳು ನೋಡನೋಡುತ್ತಿದ್ದಂತೆ ಕೆರೆ ಕ್ಯಾನ್ವಾಸಿಗೆ ಬಂತು. ಆಮೇಲೆ ಸೂರ್ಯ ಮರದ ಮೇಲೆ ಬಂದ. ನೆರಳುಗಳು ಮೋಟಾದವು. ಅವನು ಕುಂಚ ಕೆಳಗಿಡಲಿಲ್ಲ.

ಬರೆಯುತ್ತಲೇ ಹೋದ. ಹೋದ ನೆರಳನ್ನು ನೆನಪಿನಿಂದ ಹಾಕಿದ. ಅದರ ಮೇಲೆ ಈಗಿನ ಬಿಸಿಲನ್ನು ಹಾಕಿದ. ಒದ್ದೆ ಬಣ್ಣದ ಮೇಲೆ ಒದ್ದೆ ಬಣ್ಣ ಕಲೆಸಿಕೊಂಡು ಎಲ್ಲವೂ ಕೆಸರಿನ ಬಣ್ಣಕ್ಕೆ ತಿರುಗತೊಡಗಿತು. ಬೆನ್ನ ಮೇಲೆ ಅಂಗಿ ಬೆವರಿಗೆ ಅಂಟಿತ್ತು.

ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು.

“ಸಾಕ್ರಿ. ನಿಲ್ಲಸ್ರಿ.”

“ಇನ್ನೂ ಸ್ವಲ್ಪ ಇದೆ.”

“ಏನೂ ಇಲ್ರಿ. ಬೆಳಕ ಹೋತು.”

ಅವನು ಕುಂಚ ಬಿಟ್ಟ. ಅದು ಹುಲ್ಲಿನ ಮೇಲೆ ಬಿತ್ತು. ಚಪ್ಪಟೆ ಚಾಕು ತೆಗೆದು ಕ್ಯಾನ್ವಾಸನ್ನು ಮೇಲಿನಿಂದ ಕೆಳಗೆ ಕೆರೆದುಹಾಕಿದ. ಬಣ್ಣವೆಲ್ಲ ಉಂಡೆಯಾಗಿ ಬಂತು.

“ಇಷ್ಟು ವರ್ಷ ನಾನು ಕಲಿತದ್ದು ಇದೊಂದೇ ಕಣ್ರೀ,” ಎಂದ, ಅವಳತ್ತ ನೋಡದೆ. “ಸರಿಯಾದ ಹೊತ್ತಿಗೆ ಏಳೋದು. ಅದೂ ಬರಲಿಲ್ಲ ಇವತ್ತು.”

ವಿನೋದಾ ಮಾಸ್ಕ್ ತೆಗೆದಳು. ಸುತ್ತ ಯಾರೂ ಇರಲಿಲ್ಲ. ಇದ್ದಿದ್ದರೂ ತೆಗೆಯುತ್ತಿದ್ದಳೇನೋ.

“ನನ್ನ ಮಾರಿ ನೋಡ್ರಿ ಒಮ್ಮೆ. ಮೊದಲ ದಿನಾ ನೀವು ಎಂಥ ನೀಲಿ ಅಂತ ಕೇಳಿದಾಗ ನಂಗ ಸಿಟ್ಟ ಬಂದಿತ್ತು. ನನ್ನ ಅಷ್ಟ ಕಾಳಜೀಲೆ ಯಾರೂ ಏನೂ ಕೇಳಿರ್ಲಿಲ್ರಿ. ನಂಗ ನೀವು ಬೇಕು. ಭಾಳ ಬೇಕು. ನಾ ಇದನ್ನ ಹೇಳದನ ಕಳಿಸಿದ್ರ ನೀವು ಅನ್ಕೋತೀರಿ, ಅಕಿಗೆ ಅಷ್ಟೇನೂ ಇರ್ಲಿಲ್ಲ ಅಂತ. ಹಂಗ ಅನ್ಕೋಬ್ಯಾಡ್ರಿ. ಬೇಕು ಅಂತ ಹೇಳೇ ಬರೂದಿಲ್ಲ ಅನ್ನಾಕತ್ತೀನಿ.”

ಅವನು ಅವಳ ಮುಖವನ್ನು ನೋಡಿದ. ಕೆರೆಯನ್ನು ನೋಡುತ್ತಿದ್ದ ಹಾಗೆ, ಆತುರವಿಲ್ಲದೆ, ಹಣೆಯಿಂದ ಗದ್ದದವರೆಗೆ. ಆಮೇಲೆ ಹತ್ತಿರ ಬಂದು ತನ್ನ ಹಣೆಯನ್ನು ಅವಳ ಹಣೆಗೆ ತಾಗಿಸಿ ನಿಂತ. ಟರ್ಪೆಂಟೈನಿನ ವಾಸನೆ, ಬೆವರು, ಚಹಾ. ಅವಳು ಕಣ್ಣು ಮುಚ್ಚಿದಳು.

ಮರುದಿನ ಶನಿವಾರ. ಅವಳೇ ಅವನನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದಳು. ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಬಾಗಿಲ ಹೊರಗೆ ಗಾಡಿ ನಿಲ್ಲಿಸಲು ಬಿಡುತ್ತಿದ್ದದ್ದು ಸ್ವಲ್ಪವೇ ಹೊತ್ತು. ಚಿತ್ರಗಳಲ್ಲಿ ನಿಮಗೆ ಬೇಕಾದ್ದು ಇಟ್ಟುಕೊಳ್ಳಿ ಎಂದು ಅವನು ಮೊದಲೇ ಹೇಳಿದ್ದ; ಗೋಡೆಗೆ ಹಾಕಿ ದಿನಾ ನೋಡುವಷ್ಟು ಗಟ್ಟಿಯಲ್ಲ ನಾನು ಎಂದು ಅವಳು ಬೇಡವೆಂದಿದ್ದಳು. ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಲು ಕೈ ಕೊಟ್ಟಳು.

“ಫೋನ್ ಮಾಡ್ಲಾ?” ಎಂದು ಕೇಳಿದ.

“ಸ್ವಲ್ಪ ದಿವ್ಸ ಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ನಾ ಬಂದ ಬಿಡ್ತೀನಿ.”

ಅವನು ತಲೆಯಾಡಿಸಿದ. ಟ್ರಾಲಿ ತಳ್ಳಿಕೊಂಡು ಹೋದ. ಬಾಗಿಲಲ್ಲಿ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದವರ ಮುಂದೆ ನಿಂತ. ತಿರುಗಿ ನೋಡಿದನೋ ಇಲ್ಲವೋ, ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಗಡಿಬಿಡಿಯಲ್ಲಿ ಅವಳಿಗೆ ಕಾಣಲಿಲ್ಲ.

ಅಲ್ಲಿಂದ ನಿಲಾಯ್ ಹತ್ತಿರ. ಗಾನವಿ ಗೇಟಿನಲ್ಲೇ ಕಾಯುತ್ತಿದ್ದಳು. ಕಾರು ಹತ್ತಿ ತಾಯಿಯ ಮುಖ ನೋಡಿದವಳು ರೇಡಿಯೋ ಹಚ್ಚಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಒಂದು ಬಿಟ್ಟು ಒಂದು ಮೇಜು ಖಾಲಿ ಬಿಟ್ಟಿದ್ದರು. ಗಾನವಿಯೇ ಇಬ್ಬರಿಗೂ ರೋಟಿ, ಚಹಾ ಹೇಳಿದಳು. ರೋಟಿ ಬಂತು. ವಿನೋದಾ ಮುಟ್ಟಲಿಲ್ಲ.

“ಅಮ್ಮ. ವಾಟ್ ಹ್ಯಾಪನ್ಡ್?”

ಏನೂ ಇಲ್ಲ ಎನ್ನಬಹುದಿತ್ತು. ನಿದ್ದೆಗೆಟ್ಟಿದೆ ಎನ್ನಬಹುದಿತ್ತು. ಎಷ್ಟೋ ವರ್ಷ ಹಾಗೆಯೇ ಅಂದು ರೂಢಿಯಾಗಿತ್ತು.

“ನಂಗ ಒಬ್ರ ಮ್ಯಾಲೆ ಪ್ರೀತಿ ಆಗಿತ್ತು ಪುಟ್ಟಿ. ಊರಿಗೆ ಹೋದ್ರು, ಈಗ ಬಿಟ್ಟ ಬಂದೆ. ಮದವಿ ಆಗಿ ಕರ್ಕೊಂಡ ಹೋಗ್ತೀನಿ ಅಂದಿದ್ರು. ನಾ ಹೋಗ್ಲಿಲ್ಲ.”

ಗಾನವಿಯ ಕೈ ತಟ್ಟೆಯ ಮೇಲೆ ನಿಂತಿತು. “ಬಿಕಾಸ್ ಆಫ್ ಮಿ?”

ವಿನೋದಾ ಮಗಳನ್ನು ನೋಡಿದಳು. ಗದ್ದದ ಮೇಲೆ ಹೊಸದೊಂದು ಮೊಡವೆ, ಹುಬ್ಬಿನ ನಡುವೆ ಗಾಬರಿಯ ಸಣ್ಣ ಗೆರೆ.

“ನಿನ್ನ ಸಲುವಾಗಿ,” ಎಂದಳು. “ನಿನ್ನಿಂದ ಅಲ್ಲ. ಎರಡೂ ಬ್ಯಾರೆ. ನಾ ಇಲ್ಲೇ ಇರಬೇಕು ಅಂತ ನಂಗ ಅನಿಸ್ತು, ಇದ್ದೆ. ನೀ ಎಲ್ಲೇ ಇರು, ಆ ಮನ್ಯಾಗ ಇದ್ರೂ ಅಡ್ಡಿ ಇಲ್ಲ. ಇದನ್ನ ನೀ ಹೊರೂದು ಬ್ಯಾಡ.”

ಹುಡುಗಿ ಬಹಳ ಹೊತ್ತು ರೋಟಿಯ ಪದರಗಳನ್ನು ಬಿಡಿಸುತ್ತ ಕೂತಳು. ಆಮೇಲೆ ತನ್ನ ಕುರ್ಚಿಯನ್ನು ಎತ್ತಿಕೊಂಡು ಮೇಜಿನ ಈ ಕಡೆಗೆ ಬಂದು, ತಾಯಿಯ ಪಕ್ಕದಲ್ಲಿ ಹಾಕಿಕೊಂಡು ಕೂತಳು. ದೂರ ಕೂರಬೇಕೆಂದು ಹೇಳಲು ಬಂದ ಅಂಗಡಿಯವನು ಇಬ್ಬರ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದ.

“ವಾಸ್ ಹಿ ನೈಸ್?” ಎಂದು ಕೇಳಿದಳು ಗಾನವಿ, ಸಣ್ಣ ದನಿಯಲ್ಲಿ.

“ಭಾಳ,” ಎಂದಳು ವಿನೋದಾ. ಅಷ್ಟು ಹೇಳಿದ ಮೇಲೆ ಕಣ್ಣೀರು ನಿಲ್ಲಲಿಲ್ಲ. ಬಿಸಿಲು ತುಂಬಿದ ಅಂಗಡಿಯಲ್ಲಿ, ಮುಚ್ಚಿಡುವ ಗೋಜಿಗೆ ಹೋಗದೆ, ಮಗಳ ಎದುರೇ ಅತ್ತಳು. ಗಾನವಿ ತಾಯಿಯ ಚಹಾದ ಲೋಟಕ್ಕೆ ಸಾಸರ್ ಮುಚ್ಚಿ, ಆರದಂತೆ, ಕಾಯುತ್ತ ಕೂತಳು.